ಚುಕ್ಕಿಮನೆಗಳು ಕೇರಿ ಕಟ್ಟಿದ್ದು

ಲೋಕ ಆಗತಾನೇ ಹುಟ್ಟಿತ್ತು. ಸೂರ್ಯ ಇರಲಿಲ್ಲ, ಚಂದ್ರ ಇರಲಿಲ್ಲ, ನಾವು ನೀವು ಕಾಲೂರಿ ನಿಂತಿರುವ ಈ ಭೂಮಿಯೂ ಇರಲಿಲ್ಲ. ನಿನ್ನೆ ಅನ್ನುವುದೇ ಇನ್ನೂ ಸರಿಯಾಗಿ ಆಗಿರಲಿಲ್ಲ. ಅಷ್ಟು ಹೊಸದು ಲೋಕ.

ಮೊದಮೊದಲು ಎಲ್ಲವೂ ಒತ್ತೊತ್ತಾಗಿ, ಗಂಜಿಯ ಹಾಗೆ ಕೊತಕೊತ ಕುದಿಯುತ್ತಿತ್ತು. ಆಮೇಲೆ ಆರಿತು. ಆರಿದ ಮೇಲೆ ಮಂಜಾಯಿತು. ಮಂಜು ಅಲ್ಲಲ್ಲಿ ಹೆಪ್ಪುಗಟ್ಟಿ, ಆ ಹೆಪ್ಪಿನೊಳಗೆ ಚುಕ್ಕಿಗಳು ಹೊತ್ತಿಕೊಂಡವು. ಒಂದಲ್ಲ ಎರಡಲ್ಲ, ಒಂದೊಂದು ಹೆಪ್ಪಿನೊಳಗೂ ಕೋಟಿ ಕೋಟಿ ಚುಕ್ಕಿ. ಹಾಗೆ ಒಟ್ಟಿಗಿರುವ ಚುಕ್ಕಿಗಳನ್ನು ಓದಿದವರು ಗೆಲಾಕ್ಸಿ ಅನ್ನುತ್ತಾರೆ. ನಾವು ಚುಕ್ಕಿಮನೆ ಅನ್ನೋಣ.

ಆ ಚುಕ್ಕಿಮನೆಗಳಲ್ಲಿ ಒಬ್ಬಳು ನೀಲವ್ವ. ಅವಳೊಳಗೆ ಎಳೆಯ ಚುಕ್ಕಿಗಳೇ ತುಂಬಿದ್ದರಿಂದ ಮೈಯೆಲ್ಲ ನೀಲಿ. ಅವಳಿಗೆ ಎರಡು ಉದ್ದನೆಯ ತೋಳು. ಗಿರಗಿರ ತಿರುಗಿದರೆ ಆ ತೋಳುಗಳು ಸೆರಗಿನ ಹಾಗೆ ಸುತ್ತಲೂ ಹರಡಿಕೊಳ್ಳುತ್ತಿದ್ದವು. ಸುತ್ತಮುತ್ತ ಅಷ್ಟು ಚಂದದ ತೋಳು ಇನ್ನೊಬ್ಬರಿಗೆ ಇರಲಿಲ್ಲ. ಅದು ನೀಲವ್ವನಿಗೂ ಗೊತ್ತಿತ್ತು.

ನೀಲವ್ವನಿಗೆ ಒಬ್ಬಳು ತಂಗಿ, ತುಂತುರಿ. ಅದೇ ಮಂಜಿನಲ್ಲಿ ಸ್ವಲ್ಪ ತಡವಾಗಿ ಹುಟ್ಟಿದವಳು. ಅವಳಿಗೆ ತೋಳಿಲ್ಲ, ಇಂಥದೇ ಅನ್ನುವ ಆಕಾರವೂ ಇಲ್ಲ. ಯಾರೋ ಒಂದು ಹಿಡಿ ಅವಲಕ್ಕಿ ಚೆಲ್ಲಿದ ಹಾಗೆ ಒಂದಿಷ್ಟು ಚುಕ್ಕಿ, ಅಷ್ಟೆ. ಆದರೆ ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

"ಅಕ್ಕಾ, ನಾನೂ ನಿನ್ನ ಥರ ತಿರುಗ್ತಿದ್ದೀನಾ?"

"ಇಲ್ಲ ಕಣೇ, ಒದ್ದಾಡ್ತಿದ್ದೀಯ."

"ಈಗ?"

"ಈಗಲೂ ಒದ್ದಾಡ್ತಿದ್ದೀಯ."

ಹೀಗೆ ಇಬ್ಬರೂ ಮಾತಾಡಿಕೊಂಡು ಬೆಳೆಯುತ್ತಿದ್ದರು.

ಆಗ ಲೋಕದಲ್ಲಿ ಒಂದು ದೊಡ್ಡ ಗಾಳಿ ಇತ್ತು. ಎಲೆ ಅಲ್ಲಾಡಿಸುವ ಗಾಳಿಯಲ್ಲ, ಲೋಕವನ್ನೇ ಹಿಗ್ಗಿಸುವ ಗಾಳಿ. ಅದರ ಹೆಸರೇ ಹಿಗ್ಗುಗಾಳಿ. ಅದು ಒಮ್ಮೆ ಉಸಿರು ಬಿಟ್ಟರೆ ಇಬ್ಬರ ನಡುವಿನ ಬಯಲು ಇನ್ನೊಂದಿಷ್ಟು ಅಗಲವಾಗುತ್ತಿತ್ತು. ಮತ್ತೊಮ್ಮೆ ಬಿಟ್ಟರೆ ಮತ್ತೊಂದಿಷ್ಟು.

ಹಿಗ್ಗುಗಾಳಿ ಕೆಟ್ಟದ್ದೇನಲ್ಲ. ಅದು ಉಸಿರು ಬಿಡದೆ ಇದ್ದಿದ್ದರೆ ಯಾರಿಗೂ ಹುಟ್ಟುವುದಕ್ಕೆ ಜಾಗವೇ ಇರುತ್ತಿರಲಿಲ್ಲ. ಆದರೆ ತನ್ನ ಕೆಲಸದ ಮೇಲೆ ಅದಕ್ಕೆ ಅತಿಯಾದ ಅಭಿಮಾನ. ಅದು ಎಲ್ಲ ಚುಕ್ಕಿಮನೆಗಳಿಗೂ ಒಂದೇ ಮಾತು ಹೇಳುತ್ತಿತ್ತು.

"ಸಾರಿಸಿದ ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ನಿಮ್ಮನ್ನೆಲ್ಲ ಇಡ್ತಿದ್ದೀನಿ. ಒಬ್ಬರಿಗೂ ಇನ್ನೊಬ್ಬರಿಗೂ ಒಂದೇ ಅಂತರ. ಯಾರೂ ಗೆರೆ ಎಳೀಬೇಡಿ. ಯಾರೂ ಯಾರ ಕಡೆಗೂ ವಾಲಬೇಡಿ."

ಎಲ್ಲರೂ ತಲೆದೂಗಿದರು. ಕಾಲ ಕೆಳಗಿನ ಬಯಲೇ ಗಾಳಿಯದು. ತಲೆದೂಗದೆ ಇನ್ನೇನು ಮಾಡುವುದು?

ಮೊದಲು ತುಂತುರಿ "ಅಕ್ಕಾ" ಅಂತ ಕರೆದರೆ, ನೀಲವ್ವ ಒಂದು ಸುತ್ತು ತಿರುಗುವಷ್ಟರಲ್ಲಿ ಆ ಕರೆ ಬಂದು ಮುಟ್ಟುತ್ತಿತ್ತು. ಹಿಗ್ಗುಗಾಳಿ ಉಸಿರು ಬಿಟ್ಟಿತು. ಕರೆ ಬರುವುದಕ್ಕೆ ಎರಡು ಸುತ್ತು ಬೇಕಾಯಿತು. ಗಾಳಿ ಮತ್ತೆ ಉಸಿರು ಬಿಟ್ಟಿತು. ಐದು ಸುತ್ತು ಬೇಕಾಯಿತು.

ಒಂದು ಸಲ ಕರೆ ಬರುವುದಕ್ಕೆ ಒಂಬತ್ತು ಸುತ್ತು ಹಿಡಿಯಿತು. ಬಂದದ್ದೂ ಬಹಳ ಸಣ್ಣ ದನಿ.

"ಅಕ್ಕಾ, ನನ್ನ ಹತ್ರ ಮಂಜು ಮುಗೀತಾ ಬಂತು. ಹೊಸ ಚುಕ್ಕಿ ಹೊತ್ಕೊಳ್ತಾ ಇಲ್ಲ. ಹಳೇವು ಒಂದೊಂದೇ ಆರ್ತಿವೆ. ಇದು ಹೀಗೇನಾ?"

ನೀಲವ್ವ ತಿರುಗುತ್ತಿದ್ದವಳು ಹಾಗೇ ತಡವರಿಸಿದಳು. ಮಂಜು ಇಲ್ಲದೆ ಚುಕ್ಕಿ ಇಲ್ಲ, ಚುಕ್ಕಿ ಇಲ್ಲದೆ ಚುಕ್ಕಿಮನೆ ಇಲ್ಲ. ಒಂಟಿಯಾಗಿ ಬಯಲಿನಲ್ಲಿ ನಿಂತವರಿಗೆ ಮಂಜು ತಂದುಕೊಡುವವರು ಯಾರು?

ಅವಳು ಹಿಗ್ಗುಗಾಳಿಯನ್ನು ಕರೆದಳು. ಮರ್ಯಾದೆಯಿಂದಲೇ ಕೇಳಿದಳು.

"ಗಾಳಿಯಪ್ಪ, ನನ್ನ ತಂಗಿ ತುಂಬ ದೂರ ಹೋಗಿಬಿಟ್ಟಿದ್ದಾಳೆ. ನೀವು ನಮ್ಮಿಬ್ಬರ ನಡುವೆ ಮಾತ್ರ ಉಸಿರು ಬಿಡೋದು ನಿಲ್ಲಿಸ್ತೀರಾ? ಸ್ವಲ್ಪ ಹೊತ್ತು. ಅವಳು ಚಿಕ್ಕವಳು."

"ನಿನಗೊಂದು ಅಳತೆ, ಇನ್ನೊಬ್ಬರಿಗೊಂದು ಅಳತೆ ಅಂತ ಇಲ್ಲಮ್ಮ," ಅಂದಿತು ಗಾಳಿ. ಅದರ ದನಿಯಲ್ಲಿ ಸಿಟ್ಟಿರಲಿಲ್ಲ. "ಎಲ್ಲರೂ ಒಂಟಿ. ಹಾಗಿರೋದರಿಂದಲೇ ಲೋಕ ಅಚ್ಚುಕಟ್ಟಾಗಿದೆ."

"ಅವಳು ಆರಿಹೋಗ್ತಾಳೆ."

"ಒಬ್ಬಳು ಆರಿದರೆ ಲೋಕಕ್ಕೆ ಗೊತ್ತೂ ಆಗಲ್ಲ."

"ನನಗೆ ಗೊತ್ತಾಗುತ್ತೆ," ಅಂದಳು ನೀಲವ್ವ. "ನಾನು ಅವಳ ಹತ್ರ ಹೋಗ್ತೀನಿ."

ಹಿಗ್ಗುಗಾಳಿ ನಕ್ಕಿತು. "ಹೋಗು ನೋಡೋಣ. ನೀನು ನಡೆಯೋದು ನನ್ನ ಬಯಲಿನ ಮೇಲೆ."

ನೀಲವ್ವ ಹೊರಟಳು. ಹತ್ತು ಹೆಜ್ಜೆ ಓಡಿದಳು. ಬಯಲು ಹನ್ನೆರಡು ಹೆಜ್ಜೆ ಹಿಗ್ಗಿತು. ಇಪ್ಪತ್ತು ಹೆಜ್ಜೆ ಓಡಿದಳು. ಬಯಲು ಇಪ್ಪತ್ತೈದು ಹೆಜ್ಜೆ ಹಿಗ್ಗಿತು. ಓಡಿದಷ್ಟೂ ತಂಗಿ ಸಣ್ಣಗಾಗುತ್ತಲೇ ಹೋದಳು. ಕೊನೆಗೆ ನೀಲವ್ವನ ಉಸಿರೇ ಸಿಕ್ಕಿಕೊಂಡಿತು. ನಿಂತಲ್ಲೇ ಕುಸಿದು ಕೂತಳು.

ಅವಳಿಗೆ ಹತ್ತಿರ ಅಂತ ಇದ್ದವನು ಒಬ್ಬನೇ, ತಂಗಿಯ ಎದುರು ದಿಕ್ಕಿನಲ್ಲಿದ್ದ ಕೆಂಚಪ್ಪ. ಅವನೂ ಚುಕ್ಕಿಮನೆಯೇ. ಎಲ್ಲರಿಗಿಂತ ಮೊದಲು ಹುಟ್ಟಿ, ಎಲ್ಲರಿಗಿಂತ ಮೊದಲು ಉರಿದು, ಕೆಂಪಗೆ ದುಂಡಗೆ ಕೂತಿದ್ದ. ಅವನು ಇದನ್ನೆಲ್ಲ ನೋಡುತ್ತಲೇ ಇದ್ದ.

"ಸುಮ್ಮನಿರು ತಾಯಿ," ಅಂದ ಕೆಂಚಪ್ಪ. "ನನಗೂ ಅಕ್ಕಪಕ್ಕ ನಾಲ್ಕು ಜನ ಇದ್ದರು. ಈಗ ಯಾರ ಸದ್ದೂ ಕೇಳಲ್ಲ. ಮೊದಮೊದಲು ಸಂಕಟ ಆಗುತ್ತೆ. ಆಮೇಲೆ ರೂಢಿ ಆಗುತ್ತೆ."

"ನನಗೆ ರೂಢಿ ಆಗೋದು ಬೇಡ ಕೆಂಚಣ್ಣ," ಅಂದಳು ನೀಲವ್ವ.

ಕೆಂಚಪ್ಪ ಮುಖ ತಿರುಗಿಸಿಕೊಂಡ.

ಆಗ ಒಂದು ದನಿ ಕೇಳಿತು. ಅದು ಹಿಂದಿನಿಂದ ಬರಲಿಲ್ಲ, ಮುಂದಿನಿಂದಲೂ ಬರಲಿಲ್ಲ. ಸುತ್ತಲಿಂದ ಬಂತು.

"ಎಷ್ಟು ಓಡ್ತೀಯ ಮಗಳೇ? ಸ್ವಲ್ಪ ಒರಗಿಕೋ."

ನೀಲವ್ವ ಸುತ್ತ ನೋಡಿದಳು. ಯಾರೂ ಇಲ್ಲ. "ಯಾರದು? ಎಲ್ಲಿದ್ದೀರಿ?"

"ನೀನು ಕೂತಿರೋದೇ ನನ್ನ ಮಡಿಲಲ್ಲಿ. ಹುಟ್ಟಿದಾಗಿನಿಂದ ಇಲ್ಲೇ ಇದ್ದೀಯ. ನನಗೆ ಬೆಳಕಿಲ್ಲ, ನಿನ್ನ ಬೆಳಕೂ ನನ್ನನ್ನ ಮುಟ್ಟಲ್ಲ. ಅದಕ್ಕೇ ನನ್ನನ್ನ ಯಾರೂ ಕಂಡಿಲ್ಲ. ಕಾಣದಜ್ಜಿ ಅಂತ ಕರಿ."

ಹೌದಲ್ಲ, ಅನ್ನಿಸಿತು ನೀಲವ್ವನಿಗೆ. ಅಷ್ಟು ಜೋರಾಗಿ ತಿರುಗಿದರೂ ತನ್ನ ಚುಕ್ಕಿಗಳು ಯಾಕೆ ಚೆಲ್ಲಿಹೋಗುವುದಿಲ್ಲ ಅಂತ ಅವಳು ಎಷ್ಟೋ ಸಲ ಯೋಚಿಸಿದ್ದಳು. ಯಾರೋ ಹಿಡಿದುಕೊಂಡಿದ್ದರು.

"ಅಜ್ಜಿ, ಗಾಳಿಯನ್ನ ನಿಲ್ಲಿಸೋಕೆ ಆಗುತ್ತಾ?"

"ಆಗಲ್ಲ."

"ಹಾಗಾದರೆ?"

"ಗಾಳಿ ನಿಲ್ಲಬೇಕು ಅಂತ ಯಾಕಂದುಕೊಳ್ತೀಯ? ಅದು ಬೀಸಲಿ. ನೀನು ಅದರ ಜೊತೆ ಕೊಚ್ಚಿಹೋಗದೆ ಇದ್ದರೆ ಸಾಕು." ಕಾಣದಜ್ಜಿ ದನಿ ತಗ್ಗಿಸಿದಳು. ಆಮೇಲೆ ಹೇಳಿದಳು: "ತಾನು ಹಾಸಿದ ಬಯಲು ಎಲ್ಲ ಕಡೆ ಒಂದೇ ಸಮ ಅಂತ ಗಾಳಿಗೆ ಜಂಬ. ಅದು ಸುಳ್ಳು. ಮೊದಲ ದಿನದಿಂದಲೇ ಅದರಲ್ಲಿ ಸಣ್ಣ ಸಣ್ಣ ಸುಕ್ಕು ಇದೆ. ಆ ಸುಕ್ಕುಗಳಲ್ಲೆಲ್ಲ ನಾನು ಕೂತಿದ್ದೀನಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಎಳೆ ಎಳೆಯಾಗಿ ಚಾಚಿಕೊಂಡಿದ್ದೀನಿ. ನಿನ್ನಿಂದ ನಿನ್ನ ತಂಗಿವರೆಗೂ ಒಂದು ಎಳೆ ಇದೆ. ಆದರೆ ತೆಳು. ನೀನೊಬ್ಬಳೇ ಎಳೆದರೆ ಅವಳು ಬರಲ್ಲ."

"ಯಾಕೆ?"

"ಸೆಳೆಯೋಕೆ ತೂಕ ಬೇಕು. ತೂಕ ಬರಬೇಕಾದರೆ ಜೊತೆ ಬೇಕು. ಮೊದಲು ಹತ್ತಿರ ಇರೋರನ್ನ ಸೇರಿಸು. ಇಬ್ಬರಾದರೆ ಮೂರನೆಯವನು ಬರ್ತಾನೆ. ಮೂವರಾದರೆ ಏಳು ಜನ ಬರ್ತಾರೆ. ಆಮೇಲೆ ತಂಗಿ."

ಹತ್ತಿರ ಇದ್ದವನು ಕೆಂಚಪ್ಪ ಒಬ್ಬನೇ. ಕೆಂಚಪ್ಪನ ಕಡೆ ಹೋಗಬೇಕಾದರೆ ತಂಗಿಗೆ ಬೆನ್ನು ಹಾಕಬೇಕು.

"ಇನ್ನೊಂದು ಮಾತು," ಅಂದಳು ಕಾಣದಜ್ಜಿ. "ಹತ್ತಿರ ಹೋದರೆ ತಾಗುತ್ತೆ. ತಾಗಿದ ಮೇಲೆ ನಿನ್ನ ಈ ತೋಳುಗಳು ಉಳಿಯಲ್ಲ. ಯೋಚನೆ ಮಾಡು."

ನೀಲವ್ವ ತನ್ನ ತೋಳುಗಳನ್ನು ನೋಡಿಕೊಂಡಳು. ಒಂದು ಸುತ್ತು ತಿರುಗಿದಳು, ನಿಧಾನವಾಗಿ. ಎರಡೂ ತೋಳು ಅಗಲಕ್ಕೆ ಹರಡಿಕೊಂಡವು. ಅಂಚಿನಲ್ಲಿದ್ದ ಎಳೆ ಚುಕ್ಕಿಗಳು ಮಿನುಗಿದವು. ಆಮೇಲೆ ಅವಳು ಕೆಂಚಪ್ಪನ ಕಡೆ ತಿರುಗಿದಳು.

ಹೊರಟು ಎಷ್ಟೋ ಸುತ್ತುಗಳಷ್ಟು ಹೊತ್ತು ನಡೆದ ಮೇಲೆ, ಹಿಂದಿನಿಂದ ಬಹಳ ದೂರದ ಕರೆ ಬಂತು.

"ಅಕ್ಕಾ, ನೀನು ಆ ಕಡೆ ಯಾಕೆ ಹೋಗ್ತಿದ್ದೀಯ?"

ನೀಲವ್ವ ನಿಂತಳು. ಉತ್ತರ ಕಳಿಸಿದರೆ ಅದು ಮುಟ್ಟುವುದು ಯಾವಾಗಲೋ. ಆದರೂ ಕಳಿಸಿದಳು.

"ನಿನಗೋಸ್ಕರನೇ ಕಣೇ. ಆರಬೇಡ."

ಅಷ್ಟು ಹೇಳಿ ಹಿಂದಕ್ಕೆ ನೋಡದೆ ನಡೆದಳು.

"ಹತ್ತಿರ ಬರಬೇಡ," ಅಂದ ಕೆಂಚಪ್ಪ. "ಗಾಳಿ ನೋಡುತ್ತೆ."

"ನೋಡಲಿ."

"ನನ್ನ ಮೈ ಈಗಾಗಲೇ ತಣ್ಣಗಾಗಿದೆ ನೀಲಾ. ನನ್ನಿಂದ ನಿನಗೇನು ಉಪಯೋಗ?"

"ನಿನ್ನಲ್ಲಿ ತೂಕ ಇದೆ ಕೆಂಚಣ್ಣ. ಅಷ್ಟು ಸಾಕು. ನಿನಗೂ ನಾಲ್ಕು ಜನ ಇದ್ದರು ಅಂದೆಯಲ್ಲ, ಅವರ ಹೆಸರು ಹೇಳು."

ಕೆಂಚಪ್ಪ ಒಂದು ಹೆಸರು ಹೇಳಿದ. ಎರಡನೆಯದು ಹೇಳುವಾಗ ಮುಖ ಇತ್ತ ತಿರುಗಿಸಿದ. ಮೂರನೆಯ ಹೆಸರು ಹೇಳುವಷ್ಟರಲ್ಲಿ ಅವನೂ ನೀಲವ್ವನ ಕಡೆ ಒಂದು ಹೆಜ್ಜೆ ಇಟ್ಟಿದ್ದ.

ಹತ್ತಿರಾದರು. ಇನ್ನೂ ಹತ್ತಿರಾದರು. ಬಯಲು ಇವರಿಬ್ಬರ ನಡುವೆಯೂ ಹಿಗ್ಗುತ್ತಿತ್ತು. ಆದರೆ ನಡುವಿನ ಬಯಲು ಸಣ್ಣದಿತ್ತು, ಸೆಳೆತ ದೊಡ್ಡದಿತ್ತು. ಸೆಳೆತವೇ ಗೆದ್ದಿತು.

ತಾಗಿದರು.

ಚುಕ್ಕಿಗೆ ಚುಕ್ಕಿ ಬಡಿಯಲಿಲ್ಲ. ಚುಕ್ಕಿಗಳ ನಡುವೆ ಅಷ್ಟೊಂದು ಜಾಗ ಇರುತ್ತದೆ. ಆದರೆ ನೀಲವ್ವನ ಮೊದಲ ತೋಳು ಕೆಂಚಪ್ಪನ ಸೆಳೆತಕ್ಕೆ ಸಿಕ್ಕಿ ನೂಲಿನ ಹಾಗೆ ಬಿಚ್ಚಿಕೊಂಡಿತು. ಉದ್ದಕ್ಕೆ ಎಳೆದುಕೊಂಡು ಬಯಲಿಗೆ ಚೆಲ್ಲಿಹೋಯಿತು. ನೋವಿಗೆ ಅವಳು ಹಲ್ಲು ಕಚ್ಚಿದಳು. ಒಬ್ಬರನ್ನೊಬ್ಬರು ಹಾದು ಆಚೆ ಹೋದರು, ತಿರುಗಿ ಬಂದರು, ಮತ್ತೆ ಹಾದರು. ಎರಡನೆಯ ತೋಳೂ ಹೋಯಿತು.

ಅದೇ ಹೊತ್ತಿಗೆ ಅವಳ ಮಂಜು ಅವನ ಮಂಜಿಗೆ ಒತ್ತಿತು. ಒತ್ತಿದ ಕಡೆಯೆಲ್ಲ ಹೊಸ ಚುಕ್ಕಿಗಳು ಹೊತ್ತಿಕೊಂಡವು. ಸಾವಿರ, ಲಕ್ಷ, ಎಣಿಸುವುದಕ್ಕೆ ಆಗದಷ್ಟು. ತಣ್ಣಗಾಗಿದ್ದ ಕೆಂಚಪ್ಪನ ಮೈಯೊಳಗೂ ನೀಲಿ ಚುಕ್ಕಿ ಕಂಡವು.

ಆ ಬೆಳಕು ಬಯಲು ದಾಟಿ ಹೋಯಿತು. ದೂರದಲ್ಲಿ ಒಂಟಿಯಾಗಿ ನಿಂತವರೆಲ್ಲ ನೋಡಿದರು. ಇಬ್ಬರು ವಾಲಿದ್ದಾರೆ, ಇಬ್ಬರೂ ಬದುಕಿದ್ದಾರೆ. ಹಾಗಾದರೆ ವಾಲಬಹುದು.

ಮೂರನೆಯವನು ಬಂದ. ಏಳು ಜನ ಬಂದರು. ಕಾಣದಜ್ಜಿಯ ಎಳೆ ಹಿಡಿದುಕೊಂಡು, ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬಂದರು. ಬರುವಾಗ ದಾರಿಯಲ್ಲಿ ಸಿಕ್ಕಿದ ಮಂಜನ್ನೂ ಎಳೆದು ತಂದರು. ಕೆಂಚಪ್ಪನ ಅಕ್ಕಪಕ್ಕ ಇದ್ದ ನಾಲ್ವರಲ್ಲಿ ಇಬ್ಬರು ಬಂದರು. ಇನ್ನಿಬ್ಬರು ಬರಲಿಲ್ಲ. ಗಾಳಿ ಅವರನ್ನು ಕರೆ ಮುಟ್ಟದಷ್ಟು ದೂರ ಒಯ್ದಾಗಿತ್ತು. ಕೆಂಚಪ್ಪ ಅವರಿದ್ದ ದಿಕ್ಕನ್ನೇ ನೋಡುತ್ತ ನಿಂತ.

ಹಿಗ್ಗುಗಾಳಿ ಬಂತು. ತನ್ನ ರಂಗೋಲಿ ಕೆಟ್ಟಿದ್ದನ್ನು ನೋಡಿತು. ಚುಕ್ಕಿಗಳೆಲ್ಲ ಒಂದು ಮೂಲೆಗೆ ಸೇರಿಕೊಂಡಿದ್ದವು. ಅಂಗಳದಲ್ಲಿ ಗೆರೆಗಳು ಬಿದ್ದಿದ್ದವು.

"ಬೇರೆ ಬೇರೆ ನಿಲ್ಲಿ," ಅಂದಿತು.

ಯಾರೂ ಅಲ್ಲಾಡಲಿಲ್ಲ.

ಗಾಳಿ ಎದೆ ತುಂಬ ಉಸಿರು ಎಳೆದುಕೊಂಡು ಬಿಟ್ಟಿತು. ಸುತ್ತಲಿನ ಬಯಲೆಲ್ಲ ಸರ್ರನೆ ಹಿಗ್ಗಿತು. ಇವರು ನಿಂತ ಜಾಗ ಮಾತ್ರ ಹಿಗ್ಗಲಿಲ್ಲ. ಗಾಳಿ ಇನ್ನೊಮ್ಮೆ ಬಿಟ್ಟಿತು. ಆಗಲೂ ಅಷ್ಟೆ. ಅಷ್ಟು ತೂಕ ಒಂದೇ ಕಡೆ ಕೂತಿತ್ತು, ಬಯಲು ಅಲ್ಲಿ ಗಂಟುಬಿದ್ದ ಹಾಗೆ ಬಿಗಿಯಾಗಿತ್ತು.

"ಇವರನ್ನೆಲ್ಲ ಕರೆದವಳು ನೀನಾ?" ಅಂತ ಗಾಳಿ ಕೇಳಿತು.

"ನಾನೇ," ಅಂದಳು ನೀಲವ್ವ.

"ನಿನ್ನ ತೋಳೆಲ್ಲಿ?"

"ಇಲ್ಲ."

"ನಿನ್ನ ಚಂದ ಹೋಯಿತಲ್ಲ."

"ಹೋಯಿತು. ನಾನು ಇಲ್ಲೇ ಇದ್ದೀನಲ್ಲ." ನೀಲವ್ವ ಗಾಳಿಯನ್ನು ನೇರವಾಗಿ ನೋಡಿದಳು. ಮೊದಲು ಮರ್ಯಾದೆ ಕೊಟ್ಟು ಮಾತಾಡಿಸಿದವಳು ಈಗ ನೀನು ಅಂದಳು. "ನೀನು ಬೀಸು. ಬೇಡ ಅಂತ ನಾವು ಕೇಳಲ್ಲ. ಲೋಕವನ್ನ ಎಷ್ಟು ಬೇಕಾದರೂ ಅಗಲ ಮಾಡು. ಆದರೆ ನಮ್ಮ ನಮ್ಮ ನಡುವೆ ಎಷ್ಟು ದೂರ ಇರಬೇಕು ಅಂತ ನೀನು ಹೇಳಬೇಡ. ಅದನ್ನ ನಾವು ಹೇಳ್ತೀವಿ."

"ಹೇಳ್ತೀವಿ," ಅಂದ ಕೆಂಚಪ್ಪ, ಹಿಂದಿನಿಂದ. ಅವನ ದನಿ ಅಷ್ಟೇನೂ ಜೋರಾಗಿರಲಿಲ್ಲ. ಆದರೆ ಗಾಳಿಗೆ ಎದುರಾಗಿ ಅವನಾಡಿದ ಮೊದಲ ಮಾತು ಅದು.

ಹಿಗ್ಗುಗಾಳಿ ಏನೋ ಹೇಳುವುದಕ್ಕೆ ಹೊರಟಿತು. ಅಷ್ಟರಲ್ಲಿ ನೀಲವ್ವ ತೋಳಿಲ್ಲದ ಮೈಯನ್ನೇ ತಂಗಿಯ ದಿಕ್ಕಿಗೆ ಹೊರಳಿಸಿದಳು. ಅವಳಿಗೆ ಒಂದು ಕರೆ ಕೇಳಿತ್ತು.

ಬಹಳ ಸಣ್ಣ ಕರೆ. ಅವಳು ತಿರುಗುತ್ತಿದ್ದ ಕಾಲದ ಲೆಕ್ಕದಲ್ಲಿ ಬರುವುದಕ್ಕೆ ಇಪ್ಪತ್ತು ಸುತ್ತು ಹಿಡಿದಿತ್ತು.

ಅವಳು ಕಾದಳು. ಒಂದು ಕೇರಿಯಷ್ಟು ಸೇರಿದ್ದವರೆಲ್ಲ ಕಾದರು. ಎರಡನೆಯ ಕರೆ ಬಂತು. ಅದಕ್ಕೂ ಇಪ್ಪತ್ತೇ ಸುತ್ತು. ಹೆಚ್ಚಾಗಿರಲಿಲ್ಲ. ಹುಟ್ಟಿದಾಗಿನಿಂದ ಇದೇ ಮೊದಲ ಸಲ ಹೆಚ್ಚಾಗಿರಲಿಲ್ಲ.

ದೂರದ ಬಯಲಿನಲ್ಲಿ, ಗಾಳಿಯ ಉಸಿರು ಒಂದು ಕಡೆ, ಇಷ್ಟು ಜನರ ಸೆಳೆತ ಒಂದು ಕಡೆ, ನಡುವೆ ತುಂತುರಿ ನಿಂತುಬಿಟ್ಟಿದ್ದಳು. ಅತ್ತಲೂ ಹೋಗದೆ, ಇತ್ತಲೂ ಬರದೆ.

"ಎಲ್ಲರೂ ಒಟ್ಟಿಗೆ," ಅಂದಳು ನೀಲವ್ವ.

ಎಲ್ಲರೂ ಒಂದಿಷ್ಟು ಒತ್ತಾಗಿ ಸರಿದರು. ಬಂದವರು ಜಾಗ ಬಿಟ್ಟುಕೊಟ್ಟು ಇನ್ನಷ್ಟು ಮಂದಿಯನ್ನು ಸೇರಿಸಿಕೊಂಡರು. ಕಾಣದಜ್ಜಿ ತನ್ನ ಭಾರವನ್ನೆಲ್ಲ ಅಲ್ಲಿಗೇ ತಂದು ಹಾಕಿದಳು.

ಮೂರನೆಯ ಕರೆ ಹತ್ತೊಂಬತ್ತು ಸುತ್ತಿಗೆ ಬಂತು. ನಾಲ್ಕನೆಯದು ಹದಿನಾರಕ್ಕೆ. ಆಮೇಲೆ ಹತ್ತು. ಆಮೇಲೆ ಆರು. ಆಮೇಲೆ ನೀಲವ್ವ ಎಣಿಸುವುದನ್ನೇ ಬಿಟ್ಟಳು.

ತುಂತುರಿ ಬಂದಳು. ಬರುವಾಗ ಅವಳಲ್ಲಿ ಉಳಿದಿದ್ದು ಕೆಲವೇ ಚುಕ್ಕಿ. ಅವಳು ಕೇರಿಯ ಬಾಯಲ್ಲಿ ನಿಂತು ಎಲ್ಲರ ಮುಖ ನೋಡಿದಳು. ನೀಲವ್ವನ ಮುಖವನ್ನೂ ನೋಡಿದಳು. ಗುರುತು ಸಿಗಲಿಲ್ಲ.

"ನಮ್ಮಕ್ಕ ಎಲ್ಲಿ?" ಅಂತ ಕೇಳಿದಳು. "ಅವಳು ನೀಲಿ ಇದ್ದಾಳೆ. ಎರಡು ತೋಳಿದೆ. ಗಿರಗಿರ ತಿರುಗ್ತಾಳೆ."

ಎದುರಿಗಿದ್ದವಳು ದುಂಡಗಿದ್ದಳು, ಕೆಂಚಪ್ಪನ ಕೆಂಪು ಹತ್ತಿ ಕೆಂಪು ಕೆಂಪಾಗಿದ್ದಳು, ತಿರುಗುತ್ತಲೂ ಇರಲಿಲ್ಲ.

"ಎಷ್ಟು ಒದ್ದಾಡ್ತೀಯೇ," ಅಂದಳು ಅವಳು. "ಬಾ ಇಲ್ಲಿ."

ಆ ದನಿ ಕೇಳಿದ್ದೇ ತುಂತುರಿ ಮುಂದೆ ಏನೂ ಕೇಳಲಿಲ್ಲ. ಬಂದು ಅಕ್ಕನ ಮಗ್ಗುಲಿಗೆ ಒರಗಿದಳು. ಕೇರಿಯ ಮಂಜು ಅವಳನ್ನು ಸುತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಅವಳೊಳಗೆ ಒಂದು ಹೊಸ ಚುಕ್ಕಿ ಹೊತ್ತಿಕೊಂಡಿತು.

ಹಿಗ್ಗುಗಾಳಿ ಸೋಲಲಿಲ್ಲ. ಸೋಲುವ ಜಾತಿಯಲ್ಲ ಅದು. ಆಚೆಯ ಬಯಲಿಗೆ ಹೋಗಿ ಮತ್ತೆ ಬೀಸತೊಡಗಿತು. ಈ ಕೇರಿಯಲ್ಲಿ ಆಗದ್ದನ್ನು ಅಲ್ಲಿ ಮಾಡಿತು. ಬಯಲುಗಳು ದೊಡ್ಡದಾದವು, ಇನ್ನೂ ದೊಡ್ಡದಾದವು, ಒಂದು ಚುಕ್ಕಿಮನೆಯೂ ಕಾಣದಷ್ಟು ಬರಿದಾದವು. ಆದರೆ ಈ ಕೇರಿಯ ಬೆಳಕು ಆ ಬಯಲುಗಳನ್ನು ದಾಟಿ ಆಚೆಗೂ ಹೋಗಿ ಮುಟ್ಟುತ್ತಿತ್ತು. ಅದನ್ನು ಕಂಡವರು ತಮ್ಮ ಪಕ್ಕದವರ ಕಡೆ ವಾಲಿದರು. ಅಲ್ಲೊಂದು ಕೇರಿ ಆಯಿತು, ಇಲ್ಲೊಂದು ಕೇರಿ ಆಯಿತು. ಕಾಣದಜ್ಜಿಯ ಎಳೆಗಳ ಮೇಲೆ ಕೇರಿಯಿಂದ ಕೇರಿಗೆ ದಾರಿಗಳಾದವು.

ಅದಕ್ಕೇ ಮಕ್ಕಳೇ, ಇವತ್ತಿಗೂ ಚುಕ್ಕಿಮನೆಗಳು ಆಕಾಶದಲ್ಲಿ ಒಂದೇ ಸಮ ಚೆಲ್ಲಿಕೊಂಡಿಲ್ಲ, ಗುಂಪು ಗುಂಪಾಗಿವೆ. ಗುಂಪಿನ ನಟ್ಟನಡುವೆ ಕೂತ ದೊಡ್ಡ ಮನೆಗಳಿಗೆ ಸಾಮಾನ್ಯವಾಗಿ ತೋಳಿರುವುದಿಲ್ಲ. ನಾವಿರುವುದೂ ಅಂಥದೇ ಒಂದು ಸಣ್ಣ ಕೇರಿಯಲ್ಲಿ. ಮಾರ್ಗಶಿರದಲ್ಲಿ, ಚಂದ್ರ ಇಲ್ಲದ ಸಂಜೆ, ಊಟಕ್ಕೆ ಕರೆಯುವ ಮುಂಚೆ, ದೀಪ ಕಡಿಮೆ ಇರುವ ಕಡೆ ನಿಂತು ನೆತ್ತಿಯಿಂದ ತುಸು ಉತ್ತರಕ್ಕೆ ನೋಡಿದರೆ ಉಗುರಿನಷ್ಟು ಮಸುಕು ಬೆಳಕೊಂದು ಕಾಣುತ್ತದಲ್ಲ, ಅದು ನಮ್ಮ ಪಕ್ಕದ ಚುಕ್ಕಿಮನೆ. ಹಿಗ್ಗುಗಾಳಿ ಇನ್ನೂ ಬೀಸುತ್ತಲೇ ಇದ್ದರೂ, ಆ ಚುಕ್ಕಿಮನೆ ನಮ್ಮ ಕಡೆಗೇ ಬರುತ್ತಿದೆ.